ಕೊಂಡಿಗೆ ಕೊಬ್ಬರಿ ಎಣ್ಣೆ

ಶೆಟ್ಟಿಹಳ್ಳಿ

ನೇಪಾಳಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಬೀದಿಯವರು ಪಶುಪತಿನಾಥನ ಪ್ರಸಾದಕ್ಕೆ ಕೈಯೊಡ್ಡಿದರು. ಪ್ರಸಾದ ತಂದಿಲ್ಲ, ಪಶುಪತಿನಾಥನನ್ನು ನೋಡಲೂ ಇಲ್ಲ. ತಂದದ್ದೆಂದರೆ ಮೊಣಕೈ ಮೇಲೊಂದು ತರಚಿದ ಗುರುತು, ಮಂಡಿಯ ಹತ್ತಿರ ಹರಿದ ಒಂದು ಟ್ರ್ಯಾಕ್ ಪ್ಯಾಂಟು, ಮತ್ತು ಹೇಳಿಕೊಂಡರೆ ನನಗೇ ನಾಚಿಕೆಯಾಗುವ ಒಂದು ಕಥೆ. ಪ್ರಸಾದ ಕೇಳಿದವರಿಗೆಲ್ಲ ಕಥೆಯನ್ನೇ ಕೊಟ್ಟು ಕಳಿಸುತ್ತಿದ್ದೇನೆ.

ಹೋಗಬೇಕೆಂದು ಹಟ ಹಿಡಿದವಳು ನಾನಲ್ಲ, ನನ್ನ ನಾದಿನಿ ಸುಧಾ. ಕುಣಿಗಲ್‌ನಲ್ಲಿ ಬ್ಯಾಂಕ್ ಕೆಲಸ, ಅಲ್ಲೇ ಒಂದು ಪುಟ್ಟ ಮನೆ. ಮದುವೆಯ ಮಾತೆತ್ತಿದವರನ್ನೆಲ್ಲ ಕಾಫಿ ಕೊಟ್ಟು ಸಾಗಹಾಕಿ ನೆಮ್ಮದಿಯಾಗಿರುವವಳು. ಹಿಂದೊಮ್ಮೆ ಹಿಮಾಚಲಕ್ಕೆ ಹೋದಾಗ ಪ್ಯಾರಾಗ್ಲೈಡಿಂಗ್ ಮಾಡಿಸುವ ಒಬ್ಬನ ಮುಂದೆ ಕೂತು ಹಾರಿದ್ದಳಂತೆ. ಅಂದಿನಿಂದ ಅವಳಿಗೆ ಒಂದೇ ಗುಂಗು: ಯಾರ ಮುಂದೆಯೂ ಕೂರದೆ ತಾನೊಬ್ಬಳೇ ಹಾರಬೇಕು. ನೇಪಾಳದ ಪೋಖರಾದಲ್ಲಿ ಹೊಸಬರಿಗೆ ಕಲಿಸುತ್ತಾರೆಂದು ಕಂಡುಕೊಂಡು, ಮೊದಲು ರಜೆ ಹಾಕಿ, ಆಮೇಲೆ ಅಣ್ಣನ ಅಪ್ಪಣೆ ಕೇಳಲು ನಮ್ಮ ಮನೆಗೆ ಬಂದಳು.

ಅವಳ ಅಣ್ಣ ಎಂದರೆ ನನ್ನ ಯಜಮಾನರು. ಏಣಿಯ ಮೂರನೇ ಮೆಟ್ಟಿಲಿಗೇ ದೇವರ ಹೆಸರು ಹೇಳುವ ಮನುಷ್ಯ.

"ಕುಣಿಗಲ್‌ನಿಂದ ಸ್ಕೂಟರ್‌ನಲ್ಲಿ ಬರ್ಬೇಡ, ಬಸ್ ಹತ್ತು ಅಂತೀನಿ. ನೀನು ಗಾಳೀಲಿ ಹೋಗ್ತೀನಿ ಅಂತೀಯಲ್ಲ?"

"ಗಾಳೀಲಿ ಲಾರಿ ಬರಲ್ಲ ಅಣ್ಣ," ಅಂದಳು ಸುಧಾ.

ಯಜಮಾನರು ನನ್ನ ಕಡೆ ತಿರುಗಿದರು. "ನೀನ್ ಜೊತೇಲಿ ಹೋಗು ಪುಷ್ಪಾ. ಅವಳು ಹಾರ್ಲಿ, ನೀನು ಕೆಳಗಡೆ ಕೂತ್ಕೊಂಡು ನೋಡ್ತಿರು."

"ಬಿದ್ರೆ?"

"ಅದಕ್ಕೇ ಕಣೇ ಕೆಳಗಡೆ ಇರು ಅಂದಿದ್ದು."

ಹೀಗೆ ನಾನು ಕಾವಲಿಗೆಂದು ಹೊರಟೆ. ಚಟ್ನಿಪುಡಿ, ಕೋಡುಬಳೆ, ಅಮೃತಾಂಜನದಂಥ ವಾಸನೆಯ ಎರಡು ಬಗೆಯ ಮುಲಾಮು, ಚೇಳೂರಿನ ನಮ್ಮಮ್ಮನ ಮನೆಯ ಕಾಯಿ ಒಣಗಿಸಿ ಗಾಣಕ್ಕೆ ಹಾಕಿಸಿದ ಕೊಬ್ಬರಿ ಎಣ್ಣೆ, ಎಲ್ಲ ತುಂಬಿಕೊಂಡೆ. ತಲೆಗೆ, ಒಡೆದ ಹಿಮ್ಮಡಿಗೆ, ಬಿಗಿಯಾದ ಬಾಗಿಲ ಚಿಲಕಕ್ಕೆ, ಎಲ್ಲಕ್ಕೂ ನಮಗೆ ಅದೊಂದೇ ಔಷಧಿ.

ಪೋಖರಾ: ಕೆರೆಯ ಬಯಲು

ಪೋಖರಾ ಊರು ದೊಡ್ಡದೊಂದು ಕೆರೆಯ ದಂಡೆಯ ಮೇಲಿದೆ. ಅವರು ಅದನ್ನು ತಾಲ್ ಅನ್ನುತ್ತಾರೆ. ಕೆರೆಯ ಆಚೆ ಕಾಡು, ಈಚೆ ಅಂಗಡಿಸಾಲು, ತಲೆಯೆತ್ತಿದರೆ ಹಿಮದ ಬೆಟ್ಟಗಳು. ನಾವು ಹೋದ ಚಳಿಗಾಲದಲ್ಲಿ ಬೆಟ್ಟಗಳಿಗೆ ಮಂಜಿನ ಮುಸುಕು. ಮೊದಲ ಕೆಲವು ದಿನ ಅವು ಪೋಸ್ಟರಿನಲ್ಲಿ ಮಾತ್ರ ಕಂಡವು.

ಕಲಿಸುವವಳ ಹೆಸರು ಮಾಯಾ. ಮೂವತ್ತರ ಆಸುಪಾಸು, ಕೂದಲಿಗೆ ತಾಮ್ರದ ಬಣ್ಣ, ಉಗುರಿಗೆ ನೀಲಿ ಬಣ್ಣ, ದನಿ ಮಾತ್ರ ಬಸ್ ಸ್ಟ್ಯಾಂಡಿನ ಮೈಕಿನಂಥದ್ದು. ಕೆರೆಯ ಪಕ್ಕದ ಬಯಲಿನಲ್ಲಿ ಅವಳದೊಂದು ತಗಡಿನ ಶೆಡ್ಡು. ಅವಳಿಗೂ ನಮಗೂ ನಡುವೆ ಹಿಂದಿ. ನನ್ನ ಹಿಂದಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಅಂತರಸನಹಳ್ಳಿಯಲ್ಲಿ ನನ್ನದೊಂದು ಸ್ಕೂಲ್ ಬ್ಯಾಗ್ ಹೊಲಿಯುವ ಸಣ್ಣ ಘಟಕವಿದೆ. ಅಲ್ಲಿನ ಕಟಿಂಗ್ ಮಾಸ್ಟರ್ ರಫೀಕ್ ಭಾಯ್ ಹತ್ತಿರ ಕಲಿತ ಹಿಂದಿ. ಅದು ಹಿಂದಿಯಲ್ಲ, ಅವರ ಮನೆಮಾತಾದ ತುಮಕೂರಿನ ಉರ್ದು ಎಂದು ತಿಳಿದದ್ದು, ನಾನು ಚಹಾ ಬೇಡವೆನ್ನಲು "ನಕ್ಕೋ" ಅಂದಾಗ ಮಾಯಾ ಲೋಟ ಹಿಡಿದು ನಿಂತೇ ನಕ್ಕಾಗ.

ಸುಧಾ ಕಲಿಯಲು ಬಂದವಳು, ನಾನು ಬರೀ ನೋಡಲು ಬಂದವಳು ಎಂದು ಪರಿಚಯವಾಯಿತು. ಮಾಯಾ ಹಾರ್ನೆಸ್ ತಂದು ಚಾಪೆಯ ಮೇಲೆ ಹರಡಿದಳು. ಹಾರುವವರು ಕೂರುವ ಚೀಲದಂಥ ಸೀಟು ಅದು. ಅದರ ಎಡಕ್ಕೊಂದು ಬಲಕ್ಕೊಂದು ಲೋಹದ ಕೊಂಡಿ. ಮೇಲಿನ ಬಟ್ಟೆಯ ರೆಕ್ಕೆಯಿಂದ ಇಳಿದು ಬರುವ ಪಟ್ಟಿಗಳು ಈ ಎರಡು ಕೊಂಡಿಗೇ ಸೇರುತ್ತವೆ. ಅಂದರೆ ಮನುಷ್ಯನಿಗೂ ರೆಕ್ಕೆಗೂ ಇರುವ ಸಂಬಂಧ ಅಷ್ಟೇ, ಎರಡು ಕೊಂಡಿ.

ನನ್ನ ಕೈ ಸುಮ್ಮನಿರಲಿಲ್ಲ. ಬದುಕೆಲ್ಲ ಪಟ್ಟಿ, ಬಕಲ್, ಝಿಪ್ಪಿನ ಮಧ್ಯೆ ಕಳೆದವಳು ನಾನು. ಬಕಲ್ಲಿನ ಸದ್ದು ಕೇಳಿಯೇ ಅದು ಮುಂದಿನ ಜೂನ್ ತನಕ ಬಾಳುತ್ತದೋ ಇಲ್ಲವೋ ಹೇಳುತ್ತೇನೆ ಎಂದು ಕೊಂಚ ಕೊಚ್ಚಿಕೊಳ್ಳುವ ಅಭ್ಯಾಸವೂ ಇದೆ. ಒಂದು ಕೊಂಡಿ ಎತ್ತಿಕೊಂಡು ಮುಚ್ಚಿದೆ. ಕ್ಲಿಕ್. ಎಂಥ ಸದ್ದು! ಬೆಳ್ಳಿ ನಾಣ್ಯ ಕಲ್ಲಿನ ಮೇಲೆ ಬಿದ್ದ ಹಾಗೆ.

"ಇದು ಬೇಗ ಬಿಚ್ಚುವ ಕೊಂಡಿ," ಅಂದಳು ಮಾಯಾ. ಎರಡೂ ಪಕ್ಕದ ಗುಂಡಿಗಳನ್ನು ಒಟ್ಟಿಗೆ ಹಿಂಡಿ ಎಳೆದರೆ, ಭಾರ ತೂಗುತ್ತಿದ್ದರೂ ಬಾಯಿ ಬಿಡುತ್ತದೆ. ಒಂದನ್ನೇ ಒತ್ತಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಮಾಮೂಲಿ ಕೊಂಡಿಯನ್ನು ರೆಕ್ಕೆ ಎಳೆಯುತ್ತಿರುವಾಗ ಬಿಚ್ಚಲಾಗದು; ಇಲ್ಲಿ ಪಕ್ಕದಲ್ಲೇ ನೀರು, ಮಧ್ಯಾಹ್ನದ ಮೇಲೆ ಜೋರು ಗಾಳಿ, ಅದಕ್ಕೇ ತಾನು ಇವನ್ನು ಇಟ್ಟಿರುವುದು ಎಂದಳು. "ಮುಚ್ಚಿದ ಮೇಲೆ ಇಲ್ಲಿ ಕೆಂಪು ಗೆರೆ ಕಾಣಬಾರದು. ಕಂಡರೆ ಬೀಗ ಬಿದ್ದಿಲ್ಲ ಎಂದರ್ಥ. ಕಣ್ಣಿಂದ ನೋಡಬೇಕು, ಕೈಯಿಂದ ಜಗ್ಗಬೇಕು, ಆಮೇಲೆ ಇನ್ನೊಂದು ಕಡೆ."

"ಅಷ್ಟೆಲ್ಲ ಯಾಕೆ? ಸದ್ದಿನಲ್ಲೇ ಗೊತ್ತಾಗುತ್ತದೆ," ಎಂದು ನಾನು ಬಕಲ್ಲುಗಳ ಬಗ್ಗೆ ಸಣ್ಣ ಭಾಷಣ ಮಾಡಿದೆ. ಮಾಯಾ ಪೂರ್ತಿ ಕೇಳಿಸಿಕೊಂಡು, "ದೀದಿ, ಹಾಗಾದರೆ ನೀವೂ ಯಾಕೆ ಕಲಿಯಬಾರದು?" ಅಂದಳು.

ಸುಧಾ ನಕ್ಕುಬಿಟ್ಟಳು. "ಅತ್ತಿಗೆನಾ? ಟೆರೇಸ್ ಮೇಲೆ ಬಟ್ಟೆ ಒಣಗಾಕೋಕೇ ಅವರು ಗೋಡೆ ಹತ್ರ ಹೋಗಲ್ಲ."

ಆ ನಗುವೇ ಕೆಲಸ ಕೆಡಿಸಿತು. ಸುಧಾ ನಗದೇ ಇದ್ದಿದ್ದರೆ ನಾನು ನೆರಳಿನಲ್ಲಿ ಕೋಡುಬಳೆ ತಿನ್ನುತ್ತಾ ಕೂರುತ್ತಿದ್ದೆ. "ಸೇರ್ಕೋತೀನಿ," ಅಂದೆ.

ಶೆಡ್ಡಿನ ತೊಲೆಗೆ ಹಾರ್ನೆಸ್ ತೂಗುಹಾಕಿ ನನ್ನನ್ನು ಕೂರಿಸಿದರು. ತೊಟ್ಟಿಲಲ್ಲಿ ಕೂತ ಹಾಗಿತ್ತು. ಮಾಯಾ ಹೇಳುತ್ತಲೇ ಇದ್ದಳು: ಆಕಾಶದಲ್ಲಿ ಈ ಕೊಂಡಿ ಮುಟ್ಟುವ ಹಾಗಿಲ್ಲ. ಎರಡನೇ ಪ್ಯಾರಾಚೂಟ್ ಎಸೆದು, ಅದು ಪೂರ್ತಿ ಅರಳಿ ನಮ್ಮನ್ನು ಹಿಡಿದುಕೊಂಡ ಮೇಲೆ ಹಾಳಾದ ರೆಕ್ಕೆಯನ್ನು ಬಿಡಲು ನುರಿತವರು ಬಳಸುತ್ತಾರೆ, ನಿಮಗೆ ಅದರ ಯೋಚನೆ ಬೇಡ. ನಿಮಗೆ ಅದು ನೆಲದ ಮೇಲೆ ಮಾತ್ರ, ಗಾಳಿ ಎಳೆದುಕೊಂಡು ಹೋಗುವಾಗ. ಒಂದು ಬದಿ ಬಿಟ್ಟರೂ ಸಾಕು, ರೆಕ್ಕೆಯ ಗಾಳಿ ಸೋರಿಹೋಗುತ್ತದೆ.

ನಾನು ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡೆ. ಎಷ್ಟು ಸಲೀಸಾಗಿ ಬಿಡುತ್ತದೆ ನೋಡೋಣವೆಂದು ಎಡಗಡೆಯದನ್ನು ಹಿಂಡಿ ಎಳೆದೆ. ಮರುಗಳಿಗೆಗೆ ಪ್ರಪಂಚ ಅಡ್ಡವಾಗಿತ್ತು. ಬಲಗಡೆಯ ಒಂದೇ ಕೊಂಡಿಗೆ ನೇತುಬಿದ್ದು, ಕಸಾಯಿ ಅಂಗಡಿಯ ಕುರಿಯ ಹಾಗೆ ಸುತ್ತುತ್ತಿದ್ದೆ. ಕೆಳಗೆ ಮಲಗಿದ್ದ ನಾಯಿ ಎದ್ದು ಹೊರಗೋಡಿತು.

ಮಾಯಾ ನನ್ನನ್ನು ತಡೆದು ನಿಲ್ಲಿಸಿ, ಮುಖಕ್ಕೆ ಮುಖ ತಂದು, "ಇದನ್ನೇ ಮೇಲೆ ಮಾಡಿದರೆ ಹೀಗೆಯೇ ಆಗುವುದು. ಆದರೆ ತಡೆದು ನಿಲ್ಲಿಸಲು ಅಲ್ಲಿ ನಾನಿರುವುದಿಲ್ಲ," ಅಂದಳು.

ಆಮಾ ಮನೆ

ನಾವು ಇಳಿದುಕೊಂಡಿದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ. ಎಲ್ಲರೂ ಅವರನ್ನು ಆಮಾ ಅನ್ನುತ್ತಿದ್ದರು, ಅಂದರೆ ಅಮ್ಮ. ಆಮಾಗೆ ಹಿಂದಿ ಬಾರದು, ನಮಗೆ ನೇಪಾಳಿ ಬಾರದು. ಆದರೆ ಬಡಿಸುವುದಕ್ಕೆ ಭಾಷೆ ಯಾಕೆ? ತಟ್ಟೆ ಖಾಲಿಯಾಗುವ ಮುಂಚೆಯೇ ಅನ್ನದ ಸೌಟು ಬರುತ್ತಿತ್ತು. ನಾವು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬೇಳೆ ಸುರಿಯುತ್ತಿದ್ದರು. ಗುಬ್ಬಿ ಕಡೆಯ ನಮ್ಮ ನೆಂಟರ ಮನೆಗಳಲ್ಲಿ ನಡೆಯುವ ಬಲವಂತವನ್ನು ಲೋಕದಲ್ಲಿ ಯಾರೂ ಮೀರಿಸಲಾರರು ಅಂದುಕೊಂಡಿದ್ದೆ. ಆಮಾ ಮೀರಿಸಿದರು.

ಒಂದು ಸಂಜೆ ತಟ್ಟೆಯ ನಡುವೆ ಕಂದು ಬಣ್ಣದ ಗುಡ್ಡೆಯೊಂದು ಬಂತು. ಮುರಿದು ಬಾಯಿಗಿಟ್ಟರೆ ರಾಗಿ! ಇಲ್ಲಿ ಅದಕ್ಕೆ ಢೀಡೋ ಎಂದು ಹೆಸರು. ನಮ್ಮ ಮುದ್ದೆಯ ಅಕ್ಕನೋ ತಂಗಿಯೋ. ಸ್ವಲ್ಪ ಮೆತ್ತಗೆ, ಉಂಡೆ ಕಟ್ಟಿರಲಿಲ್ಲ ಅಷ್ಟೇ. ನಾನು ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದ್ದನ್ನು ಕಂಡು ಆಮಾ ಚಪ್ಪಾಳೆ ತಟ್ಟಿದರು. ಪೋಖರಾದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಊಟದ ಮಧ್ಯೆ ಯಜಮಾನರ ಫೋನ್. ಸುಧಾ ಎತ್ತಿದಳು.

"ಅಣ್ಣ, ಅತ್ತಿಗೆನೂ ಕ್ಲಾಸಿಗೆ ಸೇರ್ಕೊಂಡ್ರು. ಹಾರೋಕೆ."

ಆ ಕಡೆಯ ದನಿ ಇಡೀ ಅಡುಗೆಮನೆಗೆ ಕೇಳುವಂತೆ ಬಂತು: "ಯಾವ ಅತ್ತಿಗೆ?"

ಗಾಳಿಯ ದಿನ

ಮುಂದಿನ ದಿನಗಳೆಲ್ಲ ಬಯಲಿನಲ್ಲೇ. ರೆಕ್ಕೆಯನ್ನು ನೆಲದಿಂದ ಎಬ್ಬಿಸಿ ತಲೆಯ ಮೇಲೆ ನಿಲ್ಲಿಸುವುದು, ಮತ್ತೆ ಇಳಿಸುವುದು. ಸುಧಾಳ ರೆಕ್ಕೆ ಸಾಕಿದ ಹಸುವಿನ ಹಾಗೆ ಅವಳ ಮಾತು ಕೇಳುತ್ತಿತ್ತು. ನನ್ನದು ಹೋರಿ. ಇಲ್ಲಿಯವರು ಎಲ್ಲದಕ್ಕೂ "ಬಿಸ್ತಾರೈ, ಬಿಸ್ತಾರೈ" ಅನ್ನುತ್ತಾರೆ, ಅಂದರೆ ನಿಧಾನ. ಬಸ್ಸಿನ ಕಂಡಕ್ಟರೂ ಅದನ್ನೇ ಹೇಳುತ್ತಾನೆ, ತರಕಾರಿಯವಳೂ ಅದನ್ನೇ. ನನ್ನ ರೆಕ್ಕೆಗೆ ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಗಾಳಿ ಏರುತ್ತಿದೆ, ಇನ್ನು ಸಾಕು, ಮಡಿಚಿ ಎಂದು ಮಾಯಾ ಕೂಗಿದಳು. ಒಂದೇ ಒಂದು ಸಲ ಎಬ್ಬಿಸಿ ಮುಗಿಸುತ್ತೇನೆ ಎಂದು ನಾನು ಪಟ್ಟಿ ಎಳೆದೆ. ರೆಕ್ಕೆ ಎದ್ದಿತು. ಅದರ ಜೊತೆಗೆ ನಾನೂ ಎದ್ದೆ. ಕಾಲು ನೆಲಬಿಟ್ಟು, ಮತ್ತೆ ನೆಲಕ್ಕೆ ಬಡಿದು, ಬೋರಲು ಬಿದ್ದು, ಹಾಗೇ ಸಾಗಿದೆ. ಮರಳು, ಕೂಳೆ, ಎಮ್ಮೆಯ ಸಗಣಿ, ಯಾವುದನ್ನೂ ಬಿಡದೆ ಎಲ್ಲದರ ಮೇಲೂ ಹೊಟ್ಟೆಯಲ್ಲೇ ಪ್ರವಾಸ. ಮುಂದೆ ಮುಳ್ಳುತಂತಿಯ ಬೇಲಿ.

"ನಕ್ಕೋ! ನಕ್ಕೋ!" ಎಂದು ಗಾಳಿಗೆ ಕೂಗುತ್ತಿದ್ದೆನಂತೆ. ನನಗೆ ನೆನಪಿಲ್ಲ.

ಕೈ ಮೊದಲು ಹೋದದ್ದು ಎದೆಯ ಬಕಲ್ಲಿಗೆ. ಅದನ್ನು ಬಿಚ್ಚಿದೆ. ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಹಿಂದಿನಿಂದ ಮಾಯಾಳ ದನಿ: "ಕೊಂಡಿ! ಎರಡೂ ಪಕ್ಕ ಹಿಂಡಿ!" ಎಡಗಡೆಯದು ನನ್ನ ಮೈಯಡಿ ಸಿಕ್ಕಿ ಮರಳು ಉಳುತ್ತಿತ್ತು. ಬಲಗಡೆಯದು ಕೈಗೆ ಸಿಕ್ಕಿತು. ಗ್ಲೌಸಿನ ಬೆರಳು ಒಮ್ಮೆ ಜಾರಿತು. ಮತ್ತೆ ಹಿಡಿದು, ಹಿಂಡಿ, ಎಳೆದೆ.

ಪಟ್ಟಿ ಹಾರಿಹೋಯಿತು. ರೆಕ್ಕೆ ಒದ್ದೆ ದುಪ್ಪಟಿಯ ಹಾಗೆ ಮುದುರಿಕೊಂಡು ಬೇಲಿಯ ಮೇಲೆ ಬಿತ್ತು. ನಾನು ಬೇಲಿಗಿಂತ ಒಂದು ಮಾರು ಈಚೆ ನಿಂತಿದ್ದೆ. ನಿಂತಿದ್ದೆ ಅಂದರೆ ತಪ್ಪು, ಬಿದ್ದಿದ್ದೆ.

ಸುಧಾ ಓಡಿ ಬಂದು ನನ್ನ ಮುಖ ಎತ್ತಿ ಹಿಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು. "ಅತ್ತಿಗೆ, ಮಾತಾಡಿ. ಏನಾದ್ರೂ ಮಾತಾಡಿ."

"ಸಗಣಿ ಕಣೇ," ಅಂದೆ. "ಬಾಯಿಗೆ ಹೋಗೈತೆ."

ನನಗೆ ಬುದ್ಧಿ ಬರಬೇಕಾಗಿದ್ದ ಹೊತ್ತು ಅದು. ಬಂದದ್ದು ಜಂಬ. ಸಮಯಕ್ಕೆ ಸರಿಯಾಗಿ ಕೊಂಡಿ ಬಿಚ್ಚಿದವಳು ನಾನು! ಸಂಜೆಯವರೆಗೂ ಅಲ್ಲಿದ್ದ ಕಲಿಯುವವರಿಗೆಲ್ಲ ಹೇಗೆ ಹಿಂಡಿದೆ, ಹೇಗೆ ಎಳೆದೆ ಎಂದು ತೋರಿಸುತ್ತಾ ತಿರುಗಿದೆ.

ಎಣ್ಣೆ

ಎಡಗಡೆಯ ಕೊಂಡಿಯೊಳಗೆ ಮರಳು ಸೇರಿತ್ತು. ಮಾಯಾ ಅಲುಗಿಸಿ ನೋಡಿ, "ಇವೆರಡನ್ನೂ ಬಿಚ್ಚಿ ಶೆಡ್ಡಿನಲ್ಲಿಡಿ. ನಾನೇ ತೊಳೆದು ನೋಡುತ್ತೇನೆ. ಅಲ್ಲಿಯತನಕ ಇದರಲ್ಲಿ ಹಾರುವ ಹಾಗಿಲ್ಲ," ಅಂದಳು. ಅಷ್ಟರಲ್ಲಿ ಬೇರೊಬ್ಬರು ಕರೆದರು, ಹೋದಳು.

ಪಾಪ, ಅವಳಿಗ್ಯಾಕೆ ತೊಂದರೆ ಅನ್ನಿಸಿತು. ಕೊಂಡಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆಮಾ ಅಡುಗೆಮನೆಯ ನಲ್ಲಿಯಡಿ ತೊಳೆದೆ, ಕರವಸ್ತ್ರದಲ್ಲಿ ಒರೆಸಿದೆ. ಆದರೂ ಒಳಗೆ ಏನೋ ಕರಕರ. ಬಿಗಿಯಾದ ಲೋಹ ಕಂಡರೆ ನಮ್ಮ ಕಡೆಯ ಹೆಂಗಸು ಏನು ಮಾಡುತ್ತಾಳೆ? ಒಲೆಯ ಪಕ್ಕ ಕೂತು, ಚೇಳೂರಿನ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಎರಡಕ್ಕೂ ಬಿಟ್ಟೆ. ಕರಕರ ನಿಂತಿತು. ಬೆಣ್ಣೆಯ ಹಾಗೆ ತೆರೆಯಿತು, ಬೆಣ್ಣೆಯ ಹಾಗೆ ಮುಚ್ಚಿತು. ಕ್ಲಿಕ್.

ನನ್ನ ಘಟಕದಲ್ಲಿ ಹೊಲಿಗೆ ಮೆಷಿನ್ನಿಗೆ ಯಾರಾದರೂ ಕೊಬ್ಬರಿ ಎಣ್ಣೆ ಬಿಟ್ಟರೆ ನಾನು ಕುಣಿದಾಡಿಬಿಡುತ್ತೇನೆ. ಆ ಸಂಜೆ ಆ ಪುಷ್ಪಾ ಎಲ್ಲಿಗೆ ಹೋಗಿದ್ದಳೋ.

ಮಾರನೆಯ ದಿನ ಮಧ್ಯಾಹ್ನ, ಬಿಸಿಲು ಚುರುಕಾಗಿದ್ದಾಗ, "ನಾನೇ ಕ್ಲೀನ್ ಮಾಡಿದೆ," ಎಂದು ಮಾಯಾಳ ಕೈಗಿಟ್ಟೆ. ಅವಳು ಹಲವು ಸಲ ತೆರೆದು ಮುಚ್ಚಿ, ಜಗ್ಗಿ, ಕೆಂಪು ಗೆರೆ ನೋಡಿದಳು. ಎಲ್ಲ ಸರಿಯಾಗಿತ್ತು. "ನೀರಿನಲ್ಲೇ ತಾನೆ?" ಅಂದಳು. "ಹೂಂ, ನೀರಿನಲ್ಲೇ," ಅಂದೆ. ಸುಳ್ಳಲ್ಲ. ನೀರಿನಲ್ಲಿ ತೊಳೆದಿದ್ದೆ. ಎಣ್ಣೆಯ ಮಾತು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಗುಡ್ಡದ ನೆತ್ತಿ

ಮೊದಲ ಹಾರಾಟದ ದಿನ ಬೆಳಗ್ಗೆಯೇ ಜೀಪಿನಲ್ಲಿ ಗುಡ್ಡ ಹತ್ತಿದೆವು. ಕೈಯುಜ್ಜಿದರೂ ಬೆರಳು ಬೆಚ್ಚಗಾಗದಂಥ ಚಳಿ. ಬಿಸಿಲು ಇನ್ನೂ ನಮ್ಮ ಕಡೆಯ ಇಳಿಜಾರಿಗೆ ಬಂದಿರಲಿಲ್ಲ. ಮಾಯಾಳ ಜೊತೆಗಾರನೊಬ್ಬ ಕೆಳಗಿನ ಬಯಲಿನಲ್ಲಿ ರೇಡಿಯೊ ಹಿಡಿದು ಕಾಯುತ್ತಿದ್ದ. ಮೊದಲ ಸರದಿ ನನ್ನದು, ಹಿರಿಯಳೆಂದು.

ರೆಕ್ಕೆ ಹರಡಿದ್ದಾಯಿತು. ಎರಡು ಕೊಂಡಿಗೂ ಪಟ್ಟಿ ಹಾಕಿ ಮುಚ್ಚಿದೆ. ಸದ್ದು ಬಂತು. ಹಾರುವ ಮುಂಚೆ ಪ್ರತಿಯೊಬ್ಬರನ್ನೂ ಜೊತೆಯವರು ಒಮ್ಮೆ, ಆಮೇಲೆ ಮಾಯಾ ಒಮ್ಮೆ ನೋಡಬೇಕೆಂಬುದು ಅಲ್ಲಿಯ ಕಟ್ಟಳೆ. ನನ್ನ ಜೊತೆ ಸುಧಾ. ನನಗೋ ಅವಸರ. ಧೈರ್ಯ ಎಂಬುದು ನನ್ನಲ್ಲಿ ಬಿಸಿ ಇಡ್ಲಿಯ ಹಾಗೆ, ಆರುವ ಮುಂಚೆಯೇ ಮುಗಿಸಬೇಕು.

"ಅತ್ತಿಗೆ, ಎಡಗಡೇದು ತೋರ್ಸಿ."

"ನೋಡ್ದೆ ಕಣೇ. ಕ್ಲಿಕ್ ಅಂತು."

"ಕೇಳ್ಸಿದ್ದು ಬೇಡ. ತೋರ್ಸಿ."

"ಗಾಳಿ ಚೆನ್ನಾಗೈತೆ, ಬುಡೇ ಸುಧಾ!" ಗಾಬರಿಯಾದರೆ ನನ್ನ ಬಾಯಲ್ಲಿ ಚೇಳೂರು ಹೊರಬರುತ್ತದೆ.

ಅವಳು ಬಿಡಲಿಲ್ಲ. ನನ್ನ ಕೈ ಸರಿಸಿ ಬಗ್ಗಿ ನೋಡಿದಳು. "ಕೆಂಪು ಕಾಣ್ತಿದೆ."

"ಬಿಸ್ಲಿಗೆ ಹಂಗ್ ಕಾಣ್ತದೆ."

"ಬಿಸ್ಲೇ ಬಂದಿಲ್ವಲ್ಲ ಅತ್ತಿಗೆ."

ಅಂದವಳೇ ಪಟ್ಟಿ ಹಿಡಿದು ಒಮ್ಮೆ ಜಗ್ಗಿದಳು. ಕೊಂಡಿ ಬಾಯಿಬಿಟ್ಟಿತು. ಪಟ್ಟಿ ಅವಳ ಕೈಯಲ್ಲಿ ಉಳಿಯಿತು.

ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನನ್ನ ಮುಂದೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಏನೂ ಇಲ್ಲ. ಬಹಳ ಕೆಳಗೆ ಕೆರೆ. ಆ ಪಟ್ಟಿಯ ಮೇಲೆ ನನ್ನ ಅರ್ಧ ಜೀವವನ್ನು ತೂಗುಹಾಕಲು ಹೊರಟಿದ್ದೆ. ತೊಲೆಗೆ ಅಡ್ಡಡ್ಡ ನೇತಾಡಿದ್ದು ನೆನಪಾಯಿತು. ಅಲ್ಲೇ ಹುಲ್ಲಿನ ಮೇಲೆ ಕೂತೆ.

ಮಾಯಾ ಬಂದು ಕೊಂಡಿ ತೆಗೆದುಕೊಂಡಳು. ಒಳಗೆ ಬೆಳ್ಳಗೆ ಮೇಣದಂಥದ್ದು, ಅದರಲ್ಲಿ ಮರಳಿನ ಕಾಳು. ನೀಲಿ ಉಗುರಿನಿಂದ ಗೀರಿ ಮೂಸಿದಳು.

"ಇದೇನು?"

"ಎಣ್ಣೆ."

"ಯಾವ ಎಣ್ಣೆ?"

"ಕೊಬ್ಬರಿ."

ಮಾಯಾ ಉಗುರನ್ನು ಪ್ಯಾಂಟಿಗೆ ಒರೆಸಿಕೊಂಡು, "ನಿಮ್ಮ ಊರಿನಲ್ಲಿ ಚಳಿಗೆ ಇದು ಗಟ್ಟಿಯಾಗುವುದಿಲ್ಲವೇ?" ಎಂದು ಕೇಳಿದಳು.

ಆಗುತ್ತದೆ. ಶೆಟ್ಟಿಹಳ್ಳಿಯಲ್ಲೂ ಆಗುತ್ತದೆ. ಪ್ರತಿ ಚಳಿಗಾಲ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಯೇ ತಲೆಗೆ ಹಚ್ಚುತ್ತೇನೆ. ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿ. "ಆಗುತ್ತದೆ," ಅಂದೆ.

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. "ನೀರಿನಲ್ಲೇ ತಾನೆ ಎಂದು ಕೇಳಿ ನಾನೂ ಸುಮ್ಮನಾದೆ. ಒಳಗೆ ಬಿಚ್ಚಿ ನೋಡಬೇಕಿತ್ತು," ಎಂದು ತನಗೇ ಎಂಬಂತೆ ಹೇಳಿಕೊಂಡು, ಎರಡೂ ಕೊಂಡಿಯನ್ನು ಕಿಸೆಗೆ ಹಾಕಿಕೊಂಡಳು. ನನಗೆ ಅಂದು ಹಾರಾಟವಿಲ್ಲ.

ಸುಧಾಳ ಸರದಿ ಬಂತು. ಅವಳ ಕೊಂಡಿಗಳನ್ನು ಮಾಯಾ ನೋಡಿದಳು, ಜಗ್ಗಿದಳು. ನೀನೂ ನೋಡು ಎಂದು ನನಗೆ ಯಾರೂ ಹೇಳಲಿಲ್ಲ. ಸುಧಾ ಓಡಿದಳು, ನೆಲ ಮುಗಿಯಿತು, ಅವಳು ಮುಗಿಯಲಿಲ್ಲ. ಕುಣಿಗಲ್‌ನಲ್ಲಿ ಗಾಜಿನ ಹಿಂದೆ ಕೂತು ಪಾಸ್‌ಬುಕ್ ಕೊಡುವ ಹುಡುಗಿ ಹಳದಿ ರೆಕ್ಕೆಯಡಿ ಕಾಲು ಚಾಚಿ ಕೂತು ದೂರ ದೂರ ಹೋದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಭಯವಾಯಿತು. ಅವಳು ಕೆಳಗಿಳಿದಳೆಂದು ರೇಡಿಯೊದಲ್ಲಿ ಕೇಳುವತನಕ ಜೀಪಿನ ಕಂಬಿ ಹಿಡಿದಿದ್ದೆ.

ಮತ್ತೆ ಆಮಾ ಮನೆ

ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ಬೇಸರದಿಂದ ಕೋಡುಬಳೆ ಕಡಿಯುತ್ತಿದ್ದೆ. ಸುಧಾ ಪಕ್ಕಕ್ಕೆ ಬಂದು ಕೂತಳು.

"ನನ್ ಮೇಲೆ ಕೋಪನಾ ಅತ್ತಿಗೆ?"

"ನಿನ್ ಮೇಲೆ ಯಾಕೆ? ನೀನ್ ನೋಡ್ದೇ ಇದ್ದಿದ್ರೆ ನಿಮ್ಮಣ್ಣ ಇಷ್ಟೊತ್ತಿಗೆ ವಿಮಾನದಲ್ಲಿರೋರು."

ಅವಳು ನಗಲಿಲ್ಲ. "ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮನ್ನ ಗಂಟು ಹಾಕಿದ್ರಲ್ಲ ಅಂತ ಬೈಕೊಂಡೇ ಬಂದೆ ನಾನು. ನಲವತ್ತು ದಾಟಿದ್ರೂ ನನಗೊಂದು ಕಾವಲಾ ಅಂತ."

"ಕಾವಲು ಚೆನ್ನಾಗೇ ಕಾಯ್ತು ಬಿಡು."

"ಅಲ್ಲ ಅತ್ತಿಗೆ. ಇವತ್ತು ಮೇಲೆ ನನ್ ಕೊಂಡಿ ನೋಡೋವಾಗ ನೀವು ದೂರ ನಿಂತ್ಕೊಂಡ್ರಿ. ನಂಗೆ ಅದು ಸರಿಹೋಗ್ಲಿಲ್ಲ. ನಾಳೆ ನನ್ದು ನೀವೇ ನೋಡ್ಬೇಕು."

"ನಾನಾ? ನನ್ ಕಿವಿ ನಂಬ್ಕೊಂಡು ಏನಾಯ್ತು ಅಂತ ಕಂಡೆಯಲ್ಲ."

"ಕಣ್ಣಿಂದ ನೋಡಿ," ಅಂದಳು. "ಕಣ್ಣು ಚೆನ್ನಾಗೇ ಇದ್ಯಲ್ಲ?"

ಆ ಮಾತು ನನ್ನನ್ನು ಬೇಲಿಯ ಹತ್ತಿರ ಎಳೆದ ಗಾಳಿಗಿಂತ ಜೋರಾಗಿ ಹಿಡಿದು ಅಲುಗಿಸಿತು. ಕೋಡುಬಳೆಯ ಡಬ್ಬಿ ಅವಳ ಕಡೆ ತಳ್ಳಿದೆ.

ಎಡಕ್ಕೊಂದು, ಬಲಕ್ಕೊಂದು

ಮಾರನೆಯ ಬೆಳಗ್ಗೆ ಅದೇ ಗುಡ್ಡ. ನನ್ನ ಹಾರ್ನೆಸ್ಸಿಗೆ ಮಾಯಾ ಬೇರೆ ಕೊಂಡಿಗಳನ್ನು ಹಾಕಿದ್ದಳು. ಹಳೆಯವನ್ನು ತಯಾರಿಸಿದವರಿಗೇ ಕಳಿಸಿ ಪರೀಕ್ಷೆ ಮಾಡಿಸುತ್ತಾಳಂತೆ.

ಸುಧಾ ಮೊದಲು. ಅವಳ ಎಡಗಡೆಯ ಕೊಂಡಿಯ ಮುಂದೆ ಮಂಡಿಯೂರಿದೆ. ನೋಡಿದೆ. ಜಗ್ಗಿದೆ. ಹುಲ್ಲು, ನೂಲು, ಮರಳು ಏನಾದರೂ ಸಿಕ್ಕಿದೆಯೇ ಎಂದು ಕೆಳಗಿನಿಂದಲೂ ನೋಡಿದೆ. ಬಲಗಡೆಯದನ್ನು ನೋಡಿದೆ. ಮತ್ತೆ ಎಡಕ್ಕೆ ಬಂದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮಾಯಾ ಅವರ ಕಡೆ ತಿರುಗಿ "ಬಿಸ್ತಾರೈ" ಅಂದಳು.

"ಸರಿ ಇದೆ. ಹೋಗು," ಅಂದೆ. ಮಾಯಾಳೂ ಒಮ್ಮೆ ಜಗ್ಗಿ ನೋಡಿದ ಮೇಲೆ ಸುಧಾ ನನ್ನ ಮುಖವನ್ನೊಮ್ಮೆ ನೋಡಿ, ಓಡಿ ಗಾಳಿಗೇರಿದಳು.

ನನ್ನದನ್ನು ನಾನೇ ನೋಡಿಕೊಂಡೆ, ಸಾಲಿನಲ್ಲಿ ಹಿಂದಿದ್ದವಳೊಬ್ಬಳು ನೋಡಿದಳು, ಮಾಯಾಳೂ ನೋಡಿದಳು. "ಓಡಿ ದೀದಿ, ನಿಲ್ಲಬೇಡಿ," ಅಂದಳು. ಓಡಿದೆ. ಐವತ್ತಕ್ಕೆ ಹತ್ತಿರವಾದ, ಬಸ್ಸಿಗೂ ಓಡದ ಹೆಂಗಸು ಕಣ್ಣುಮುಚ್ಚಿ ಓಡಿದೆ. ಕಣ್ಣು ಬಿಟ್ಟಾಗ ಕಾಲು ಓಡುತ್ತಲೇ ಇತ್ತು, ಕೆಳಗೆ ನೆಲವಿರಲಿಲ್ಲ.

ಹಾರಿದವರೆಲ್ಲ ಸ್ವರ್ಗ, ಮೌನ, ಹಕ್ಕಿ ಎಂದೆಲ್ಲ ಹೇಳುತ್ತಾರೆ. ನನಗೆ ಕಂಡದ್ದನ್ನು ಹೇಳುತ್ತೇನೆ: ಎಡಗಡೆಯ ಕೊಂಡಿ. ಬಲಗಡೆಯ ಕೊಂಡಿ. ಎಡಗಡೆಯ ಕೊಂಡಿ. ಬೇರೆ ಏನನ್ನೂ ನೋಡಲಿಲ್ಲ. ಕಣ್ಣು ತೆಗೆದರೆ ಅವು ಬಿಚ್ಚಿಕೊಳ್ಳುತ್ತವೆ, ನಾನು ನೋಡುತ್ತಿರುವುದರಿಂದಲೇ ಮುಚ್ಚಿಕೊಂಡಿವೆ ಎಂಬ ನಂಬಿಕೆ.

ಎದೆಯ ಮೇಲಿನ ರೇಡಿಯೊದಲ್ಲಿ ಮಾಯಾಳ ದನಿ ಬಂತು. "ದೀದಿ, ಕತ್ತು ಬಗ್ಗಿಸಿ ಕೂತಿದ್ದೀರಲ್ಲ. ಅವನ್ನು ನೋಡಿಯಾಯಿತು. ಈಗ ಎದುರಿಗೆ ನೋಡಿ. ದಾರಿ ನೋಡದೆ ಹೇಗೆ ಇಳಿಯುತ್ತೀರಿ?"

ತಲೆಯೆತ್ತಿದೆ. ಮಂಜು ಸರಿದಿತ್ತು. ಇಷ್ಟು ದಿನ ಪೋಸ್ಟರಿನಲ್ಲಿದ್ದ ಬೆಟ್ಟ ಎದುರಿಗೆ, ಅಷ್ಟೆತ್ತರ, ಅಷ್ಟು ಬೆಳ್ಳಗೆ. ಕೆಳಗೆ ಹೊಲಗಳ ಮೆಟ್ಟಿಲು, ಹೊಗೆಯೇಳುವ ಮನೆಗಳು, ಯಾರೋ ಒಣಹಾಕಿದ ಕೆಂಪು ಹೊದಿಕೆ. ನನಗೆ ಅಳು ಬಂತು. ಚಳಿಗಿರಬೇಕು ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ರೇಡಿಯೊ ಹೇಳಿದಂತೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಬಯಲು ತಪ್ಪಿ ಪಕ್ಕದ ಗದ್ದೆಯ ಕೂಳೆಯ ಮೇಲೆ ಕುಕ್ಕರಗಾಲಿನಲ್ಲಿ ಇಳಿದೆ. ಗಾಳಿಯಿರಲಿಲ್ಲ. ರೆಕ್ಕೆ ಹಿಂದೆ ತಾನಾಗಿಯೇ ನೆಲಕ್ಕೊರಗಿತು. ಬದುವಿನ ಮೇಲೆ ಬುಟ್ಟಿ ಇಳಿಸಿಟ್ಟು ಹೆಂಗಸೊಬ್ಬಳು ಹುಲ್ಲು ಕೊಯ್ಯುತ್ತಿದ್ದಳು. ಕುಡುಗೋಲು ನಿಲ್ಲಿಸಿ ನನ್ನನ್ನು ನೋಡಿ ಏನೋ ಕೇಳಿದಳು. ಅರ್ಥವಾಗಲಿಲ್ಲ. ಅಷ್ಟರಲ್ಲಿ ರೇಡಿಯೊದವನೂ ಸುಧಾಳೂ ಓಡೋಡಿ ಬಂದರು.

"ಏನಂತೆ?" ಎಂದು ಅವನನ್ನು ಕೇಳಿದೆ.

"ಮೇಲೆ ಚಳಿ ಇತ್ತಾ ಎಂದು ಕೇಳುತ್ತಿದ್ದಾಳೆ."

ನಾನು ಅವಳಿಗೆ ಕೈಯೆರಡನ್ನೂ ಚಾಚಿ ತೋರಿಸಿದೆ. ಬೆರಳು ಚಳಿಗೆ ಸೆಟೆದುಕೊಂಡಿದ್ದವು. ಅವಳು ತಲೆಯಾಡಿಸಿ, ಬದುವಿನ ಮೇಲೆ ಬಿಸಿಲು ಬಿದ್ದಿದ್ದ ಒಂದು ಜಾಗಕ್ಕೆ ಕುಡುಗೋಲು ತೋರಿಸಿ, ಅಲ್ಲಿದ್ದ ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ನಾನೂ ಸುಧಾಳೂ ಹೋಗಿ ಅಲ್ಲಿ ಕೂತೆವು.